ಅಜ್ಜಿಯ ವಿರುದ್ಧ ಗೆದ್ದ ಮೊದಲ ಬಹುಮಾನ

ನಮ್ಮ ಮನೆಯಲ್ಲಿ ಸುಳ್ಳು ಹೇಳುವವರು ಯಾರೂ ಇರಲಿಲ್ಲ. ಒಬ್ಬರಿದ್ದಾರೆ ಎಂದು ನಾನು ಸಾಧಿಸಿ ತೋರಿಸಿದೆ, ಅದಕ್ಕೆ ಶಾಲೆಯಲ್ಲಿ ಮೊದಲ ಬಹುಮಾನವೂ ಬಂತು. ಆಗ ನನಗೆ ಹದಿನಾಲ್ಕು. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಅವರ ವಾದದಲ್ಲಿ ತೂತು ಎಲ್ಲಿದೆ ಎಂದು ಹೇಳಬಲ್ಲೆ ಎಂಬ ಸೊಕ್ಕಿತ್ತು. ಚರ್ಚಾಸ್ಪರ್ಧೆಗಳಲ್ಲಿ ಆ ಸೊಕ್ಕಿಗೆ ಅಂಕ ಕೊಡುತ್ತಾರೆ. ಮನೆಯಲ್ಲಿ ಅದು ಏನನ್ನು ಕಿತ್ತುಕೊಳ್ಳುತ್ತದೆ ಎಂದು ತಿಳಿಯುವ ಹೊತ್ತಿಗೆ ನನಗೆ ಇಪ್ಪತ್ತೇಳು ದಾಟಿತ್ತು, ಅಜ್ಜಿ ಇರಲಿಲ್ಲ.

ಮಲಯಾಳ ನಾಡಿನ ತ್ರಿಪ್ಪುಣಿತ್ತುರದಲ್ಲಿ ನಮ್ಮದು ಬಾಡಿಗೆಯ ಮಹಡಿ ಮನೆ. ಕೆಳಗೆ ಮನೆಯ ಒಡತಿ, ನಾವೆಲ್ಲ ಚೇಚಿ, ಎಂದರೆ ಅಕ್ಕ, ಎಂದು ಕರೆಯುತ್ತಿದ್ದವಳು. ಮೇಲೆ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ಹೀಗೆ ನಾಲ್ವರು. ಅಪ್ಪ ವಿಜಯಪುರದವನು, ವಲ್ಲಾರ್ಪಾಡಂ ಬಂದರಿನಲ್ಲಿ ಕೇಂದ್ರ ಸರ್ಕಾರದ ಕೆಲಸ. ಕಂಟೇನರಿನ ಜೊತೆ ಬಂದ ಕಾಗದದಲ್ಲಿ ಏನು ಬರೆದಿದೆ, ಬಾಗಿಲು ತೆರೆದರೆ ಒಳಗೆ ಏನಿದೆ, ಎರಡೂ ಒಂದೇ ಹೌದೇ ಎಂದು ನೋಡುವುದು ಅವನ ದಿನಚರಿ. ಅಮ್ಮ ಮೈಸೂರಿನವಳು, ಬ್ಯಾಂಕಿನಲ್ಲಿದ್ದಳು. ಹಾಗಾಗಿ ಒಂದೇ ಮನೆಯಲ್ಲಿ ಎರಡು ಕನ್ನಡ. ಗ್ಯಾಸ್ ಒಲೆಯ ಎಡಗಡೆಯ ಉರಿ ಅಮ್ಮನ ಸಾರಿಗೆ, ಬಲಗಡೆಯದು ಅಜ್ಜಿಯ ರೊಟ್ಟಿಗೆ. ವಿಜಯಪುರದಿಂದ ಡಬ್ಬಿಗಟ್ಟಲೆ ಬರುತ್ತಿದ್ದ ಜೋಳದ ಹಿಟ್ಟಿಗೆ ಇಲ್ಲಿಯ ತೇವದಲ್ಲಿ ಹದಿನೈದು ದಿನಕ್ಕೇ ಹುಳ ಬೀಳುತ್ತಿತ್ತು. ಬಿಸಿಲು ಕಂಡ ಕೂಡಲೇ ಅಜ್ಜಿ ಹಳೆಯ ಧೋತರ ಹಾಸಿ ಅದನ್ನು ತಾರಸಿಯ ಮೇಲೆ ಹರಡುವಳು, ಕಾಗೆ ಕಾಯುತ್ತ ಕೂಡುವಳು. ನಾವು ಮೂವರು ಮೇಜಿನ ಮೇಲೆ ಊಟ ಮಾಡಿದರೆ ಅವಳು ಅಡುಗೆಮನೆಯ ಬಾಗಿಲ ಬಳಿ ಮಣೆ ಹಾಕಿಕೊಂಡು ನೆಲದ ಮೇಲೆ. ಹೀಗಾಗಿ ಅವಳ ಕತೆಗಳೆಲ್ಲ ನಮಗೆ ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದವು. ಅವಳು ತಲೆಯೆತ್ತಿ ಹೇಳುವಳು, ನಾವು ತಲೆ ಬಗ್ಗಿಸಿ ಉಣ್ಣುತ್ತ ಕೇಳುವೆವು. ಅವಳು ನನ್ನೊಡನೆ ಕನ್ನಡದಲ್ಲಿ ಮಾತಾಡಿದರೆ ನಾನು ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದೆ. ಇಲ್ಲಿ ಹುಟ್ಟಿ ಬೆಳೆದ ಎಲ್ಲ ಕನ್ನಡದ ಮಕ್ಕಳೂ ಹಾಗೆಯೇ. ನನ್ನ ಮಲಯಾಳ ಅವಳಿಗೆ ಅರ್ಥವಾಗುತ್ತಿತ್ತು. ಮುಖ ನೋಡಿ ಊಹಿಸುತ್ತಾಳೆ ಎಂದುಕೊಂಡಿದ್ದೆವು. ಈಗ ಬರೆಯುತ್ತಿರುವ ಈ ಕನ್ನಡ ಅಕ್ಷರಗಳನ್ನು ನನಗೆ ಕಲಿಸಿದವಳು ಅವಳೇ, ಬೇಸಗೆ ರಜೆಯ ಮಧ್ಯಾಹ್ನಗಳಲ್ಲಿ, ಅದೇ ಹರಡಿದ ಹಿಟ್ಟಿನ ಮೇಲೆ ಬೆರಳಿನಿಂದ ಬರೆಸಿ.

ಅವಳ ಕತೆಗಳಲ್ಲಿ ಒಂದು ಮಾತ್ರ ಈ ಸೀಮೆಯದು. ಅವಳು ಹುಡುಗಿಯಾಗಿದ್ದಾಗ ಅವಳಪ್ಪ ತಂತಿ ಇಲಾಖೆಯಲ್ಲಿದ್ದನಂತೆ, ಎಲ್ಲಿಯೋ ಬೆಳಗಾವಿಯ ಕಡೆಯಿಂದ ತಿರುವನಂತಪುರಕ್ಕೆ ವರ್ಗವಾಯಿತಂತೆ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳು ಮೂರು ವರ್ಷ ಕಲಿತಳಂತೆ. ಸೆಕೆಂಡ್ ಫಾರಂನಲ್ಲಿದ್ದಾಗ ಒಂದು ದಿನ ಲೆಕ್ಕದ ಟೀಚರ್ ಬೋರ್ಡಿಗೆ ಕರೆದು ವೃತ್ತ ಬರೆ ಎಂದರಂತೆ. ಇವಳು ದಾರ ಹಿಡಿಯದೆ, ಕೈಯಿಂದಲೇ, ಒಂದೇ ಸುತ್ತಿಗೆ ಬರೆದಳಂತೆ. ಟೀಚರ್ ದಾರ ಹಿಡಿದು ಅಳೆದು ನೋಡಿ, ತಿರುಗಿ, ಇಡೀ ತರಗತಿಗೆ ತೋರಿಸಿ ಬಹುಮಾನ ಕೊಟ್ಟರಂತೆ. ಇಷ್ಟೇ ಕತೆ. ಆದರೆ ಹೇಳುವಾಗ ಅವಳ ರೊಟ್ಟಿ ಹಿಡಿದ ಕೈ ಗಾಳಿಯಲ್ಲಿ ಒಂದು ಸುತ್ತು ಬರುತ್ತಿತ್ತು, ಮತ್ತು ಆ ಸುತ್ತು ಪ್ರತಿಸಲವೂ ಕೂಡುತ್ತಿತ್ತು. ನಾನು ಕೈಯನ್ನು ನೋಡಲಿಲ್ಲ, ಮಾತನ್ನು ಹಿಡಿದೆ.

“ಅಜ್ಜೀ, ಹೋದ ಸಲ ಪೆನ್ನು ಕೊಟ್ಟರು ಅಂದಿದ್ದಿ. ಈಗ ಪುಸ್ತಕ ಅಂತಿ. ಯಾವುದು ಖಾಯಂ?”

“ಎರಡೂ ಇರಬಾರದೇನs? ಇಷ್ಟ ವರ್ಷದ ಮ್ಯಾಲ ಕೊಟ್ಟಾಕೀನ್ನ ನೆನಪಿಟ್ಟೇನಿ, ಕೊಟ್ಟದ್ದು ಮರತೇನಿ. ಉಣ್ಣು.”

“ಅದು ಉತ್ತರ ಅಲ್ಲ.”

“ಆತು ತಂಗಿ, ಮುಂದಿನ ಸಲಾ ಹೇಳೂಮುಂದ ನಿನ್ನ ಕೇಳೇ ಹೇಳ್ತೀನಿ.”

ಅಪ್ಪ ನಕ್ಕ. ಅಮ್ಮನೂ ನಕ್ಕಳು. ಅಜ್ಜಿಯೂ ನಕ್ಕಳು. ಆಗಿನ್ನೂ ಅದು ಆಟವಾಗಿತ್ತು.

ಆ ವರ್ಷ ನಮಗೆ ಚರಿತ್ರೆಗೆ ಬಂದವರು ಗ್ರೇಸಿ ಟೀಚರ್. ಪುಸ್ತಕ ಮುಚ್ಚಿಡಿ ಎಂದು ಶುರುಮಾಡುವ ಮೊದಲ ಟೀಚರನ್ನು ನಾನು ಕಂಡದ್ದು ಅವರಲ್ಲಿ. ಪಠ್ಯಪುಸ್ತಕ ಇನ್ನೊಬ್ಬರು ಜಗಿದು ಕೊಟ್ಟದ್ದು, ನೀವು ಮೂಲ ಆಕರ ಓದಲು ಕಲಿಯಬೇಕು ಎನ್ನುತ್ತಿದ್ದರು: ಆ ಹೊತ್ತಿನಲ್ಲಿ, ಅಲ್ಲಿಯೇ ಇದ್ದವರು, ತಮ್ಮ ಕೆಲಸಕ್ಕಾಗಿ ಬರೆದ ಕಾಗದ. ಮೊದಲ ದಿನ ಯಾರದೋ ಮನೆಯ ಹಳೆಯ ರೇಷನ್ ಕಾರ್ಡು ತಂದು ಕೈಯಿಂದ ಕೈಗೆ ದಾಟಿಸಿದರು. ಯಾರು ಬರೆದರು, ಯಾವಾಗ, ಯಾರಿಗಾಗಿ, ಬರೆದವರಿಗೆ ಅದು ನೇರವಾಗಿ ಗೊತ್ತಿತ್ತೇ, ಈ ಕಾಗದದಲ್ಲಿ ಯಾರು ಕಾಣುವುದಿಲ್ಲ. ಐದು ಪ್ರಶ್ನೆ ಬೋರ್ಡಿನ ಮೇಲಿದ್ದವು. ನಾನು ಕೈಯೆತ್ತಿ, ಈ ಮನೆಯಲ್ಲಿ ನಾಲ್ಕು ಜನರಿದ್ದರು ಎಂದೆ.

“ನಿನಗೆ ಹೇಗೆ ಗೊತ್ತು?” ಎಂದರು ಟೀಚರ್.

“ಕಾರ್ಡಿನಲ್ಲಿದೆ, ಟೀಚರ್.”

“ಕಾರ್ಡಿನಲ್ಲಿರುವುದು ನಾಲ್ಕು ಹೆಸರು. ನಾಲ್ಕು ಜನ ಅಲ್ಲ.”

ತರಗತಿ ನಕ್ಕಿತು. ನಾನು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡೆ, ಕೆಳಗೆ ಗೆರೆ ಎಳೆದೆ. ಬರೆದುಕೊಂಡದ್ದು ತಿಳಿಯಲು ಅಲ್ಲ. ಯಾವತ್ತಾದರೂ ಯಾರನ್ನಾದರೂ ಹೀಗೆ ಸುಮ್ಮನಾಗಿಸಬೇಕು ಎಂದು.

ವರ್ಷದ ಪ್ರಾಜೆಕ್ಟು ಹೀಗಿತ್ತು: ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದ ಒಂದು ಸಂಗತಿಯನ್ನು ತೆಗೆದುಕೊಳ್ಳಿ, ಅದಕ್ಕೆ ಮೂಲ ಆಕರ ಹುಡುಕಿ, ಕಂಡದ್ದನ್ನು ಎಲ್ಲರ ಮುಂದೆ ಹೇಳಿ. ಹುಡುಕಲು ಒಂದು ದಿನ, ಹಳೆಯ ದಾಖಲೆಗಳೆಲ್ಲ ಇರುವ ತಿರುವನಂತಪುರಕ್ಕೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ನಾನು ಅಜ್ಜಿಯ ಶಾಲೆಯನ್ನು ಆರಿಸಿಕೊಂಡೆ. ಅದನ್ನು ಹೇಳಿದಾಗ ಅವಳ ಮುಖ ಹೇಗಾಯಿತು ಎಂದು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಕೆಳಗೆ ಹೋಗಿ, ಚೇಚಿಗೆ ಸನ್ನೆಯಲ್ಲೂ ಕನ್ನಡದಲ್ಲೂ ಹೇಳಿ ಬಂದಳು: ಮೊಮ್ಮಗಳು ನನ್ನ ಕತೆ ಬರೀತಾಳಂತ. ಅವಳ ಆಯುಷ್ಯದಲ್ಲಿ ಅವಳು ಹೇಳಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ.

ಬರೆದುಕೊಳ್ಳಲು ನಾನು ತಾರಸಿಗೆ ಹೋದೆ. ಸಂದರ್ಶನ ಹೇಗೆ ಮಾಡಬೇಕು ಎಂದು ಟೀಚರ್ ಹೇಳಿಕೊಟ್ಟಿದ್ದರು: ಹೌದು-ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಬೇಡಿ, ನಡುವೆ ಬಾಯಿ ಹಾಕಬೇಡಿ, ಸುಮ್ಮನಿದ್ದರೆ ಕಾಯಿರಿ. ನನಗೆ ಅದು ಸೋಮಾರಿಗಳ ವಿಧಾನವೆನಿಸಿತು. ಚರ್ಚೆಯಲ್ಲಿ ಎದುರಾಳಿಗೆ ಬಾಗಿಲು ತೆರೆದು ಕೊಡುವವರುಂಟೇ?

“ಅಜ್ಜೀ, ಹೌದು ಇಲ್ಲ ಅಷ್ಟೇ ಹೇಳು. ಮೂರು ವರ್ಷ ಅಲ್ಲಿದ್ದಿರಿ?”

“ಹೌದವಾ. ಅಲ್ಲೆ ಮನಿ ಮುಂದ ಒಂದು—”

“ಹೌದು. ಫೋಟೊ ಇದೆಯಾ?”

“ಇಲ್ಲ. ಇದ್ದದ್ದೊಂದು—”

“ಇಲ್ಲ. ಮಾರ್ಕ್ಸ್ ಕಾರ್ಡು?”

“ಇಲ್ಲ. ನೋಡು ತಂಗಿ, ಅಲ್ಲೆ ಸಾಲ್ಯಾಗ ನನ್ನ—”

“ಅಜ್ಜೀ! ಹೌದೋ, ಇಲ್ಲವೋ?”

“ಇಲ್ಲ,” ಎಂದಳು ಅಜ್ಜಿ. ಕಾಗೆ ಓಡಿಸಲು ಎದ್ದಳು.

ಆ ‘ನನ್ನ’ದ ಮುಂದೆ ಏನಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಂಥದೇ ಇತ್ತು ಎಂದು ಇಲ್ಲಿ ಬರೆದುಬಿಟ್ಟರೆ ಈ ಅಧ್ಯಾಯ ಚೆನ್ನಾಗಿ ಕೂಡುತ್ತದೆ. ಆದರೆ ಅದು ಮತ್ತೆ ಅವಳ ಬಾಯಿ ಮುಚ್ಚಿ ನಾನು ಮಾತಾಡಿದಂತೆ. ಏನಿತ್ತೋ ನನಗೆ ತಿಳಿಯದು.

ಹೊರಡುವ ಮೊದಲು ಅವಳು ಕೇಳಿದ್ದು ಒಂದೇ. “ನಾನೂ ಬರ್ಲೇನ? ದೂರ ನಿಲ್ತೀನಿ. ಒಳಗ ಬರಂಗಿಲ್ಲ. ಒಮ್ಮೆ ಹೊರಗಿಂದ ನೋಡ್ತೀನಿ.” ಮನೆಯವರನ್ನು ಕರೆತರಬಾರದೆಂದು ಶಾಲೆಯ ನಿಯಮವೇನೂ ಇರಲಿಲ್ಲ, ಬೇರೆ ಇಬ್ಬರ ತಾಯಂದಿರು ಬಂದೇ ಬಂದರು. ನಿಯಮ ನನ್ನದಾಗಿತ್ತು. “ಸಾಕ್ಷಿ ಹೇಳುವವರು ಸಾಕ್ಷ್ಯ ಹುಡುಕುವ ಜಾಗದಲ್ಲಿ ಇರಬಾರದು, ಅಜ್ಜಿ,” ಎಂದೆ. ಅವಳು ಎರಡು ಸಲ ತಲೆಯಾಡಿಸಿ, ಹಚ್ಚಿದ ಅವಲಕ್ಕಿ ಕಟ್ಟಿಕೊಟ್ಟು, ಆ ಶಾಲೆಯ ಪಡಸಾಲೆಗೆ ಕಲ್ಲಿನ ಮೆಟ್ಟಿಲು ಎಷ್ಟಿವೆ ನೋಡಿಕೊಂಡು ಬಾ ಎಂದಳು. ನಾನು ನೋಡಲಿಲ್ಲ. ಮೆಟ್ಟಿಲು ಹತ್ತಿಯೇ ಹೋದೆ, ಇಳಿದೇ ಬಂದೆ, ಎಣಿಸಲಿಲ್ಲ.

ಆ ಶಾಲೆಯ ಕಚೇರಿಯಲ್ಲಿ ಗುಮಾಸ್ತರು ಕೆಂಪು ಬಟ್ಟೆಯ ಬೈಂಡಿನ ದಾಖಲಾತಿ ರಿಜಿಸ್ಟರುಗಳನ್ನು ತಂದು ಮೇಜಿನ ಮೇಲಿಟ್ಟರು. ಊಟದ ಹೊತ್ತಾಗುತ್ತಿತ್ತು, ಬೇಗ ಮುಗಿಸಿ ಎಂದರು. ನಾನು ಹುಡುಕಿದ್ದು ಅಜ್ಜಿಯ ಹೆಸರು, ಲಕ್ಷ್ಮೀಬಾಯಿ. ಹೆಸರಿನ ಅಂಕಣದ ಮೇಲೆ ಬೆರಳಿಟ್ಟು ಮೂರು ನಾಲ್ಕು ವರ್ಷಗಳ ಪುಟಗಳನ್ನು ಇಳಿಯುತ್ತ ಹೋದೆ. ಲಕ್ಷ್ಮಿಕುಟ್ಟಿ ಇದ್ದಳು, ಲಕ್ಷ್ಮಿ ಅಮ್ಮಾಳ್ ಇದ್ದಳು, ಬರೀ ಲಕ್ಷ್ಮಿ ಏಳೆಂಟು ಜನ ಇದ್ದರು. ಲಕ್ಷ್ಮೀಬಾಯಿ ಇರಲಿಲ್ಲ. ಗ್ರೇಸಿ ಟೀಚರ್ ಬಗ್ಗಿ ನೋಡಿ ಕೇಳಿದರು:

“ತಂದೆಯ ಹೆಸರಿನ ಅಂಕಣ ನೋಡಿದೆಯಾ, ಮಗಳೇ?”

ಅಜ್ಜಿಯ ತಂದೆಯ ಹೆಸರು ನನಗೆ ಗೊತ್ತಿರಲಿಲ್ಲ. ಕೇಳಿರಲಿಲ್ಲ. ಮನೆಯಲ್ಲಿ ಅವನು ತಂತಿ ಅಜ್ಜ. ಹಾಗೆಂದು ಒಪ್ಪಿಕೊಳ್ಳುವುದಕ್ಕಿಂತ “ನೋಡಿದೆ, ಟೀಚರ್” ಎನ್ನುವುದು ಸುಲಭವಾಗಿತ್ತು. ಸುಳ್ಳು ಯಾರು ಹೇಳಿದರು ಎಂಬ ಪ್ರಶ್ನೆಗೆ ಈ ವಾಕ್ಯವೇ ಮೂಲ ಆಕರ.

ಪ್ರದರ್ಶನಕ್ಕೆ ಎರಡು ದಿನ ಮೊದಲು ಟೀಚರ್ ನನ್ನ ಚಾರ್ಟು ನೋಡಿದರು. ಎಡಕ್ಕೆ ಹೇಳಿಕೆ, ನಡುವೆ ಆಕರ, ಬಲಕ್ಕೆ ತೀರ್ಮಾನ. ತೀರ್ಮಾನದ ಕೆಳಗೆ ಕೆಂಪಿನಲ್ಲಿ ಒಂದೇ ಪದ, ಸುಳ್ಳು.

“ಸಿಗಲಿಲ್ಲ ಎನ್ನುವುದು ಬೇರೆ, ಇರಲಿಲ್ಲ ಎನ್ನುವುದು ಬೇರೆ. ಸಿಗಲಿಲ್ಲ ಅಂತ ಬರೆ,” ಎಂದರು. “ಇನ್ನೊಂದು. ನಿನ್ನ ಅಜ್ಜಿ ಸೆಕೆಂಡ್ ಫಾರಂ ಎನ್ನುತ್ತಾರಲ್ಲ, ಆಗ ಇಲ್ಲಿಯ ಶಾಲೆಗಳಲ್ಲಿ ತರಗತಿಯನ್ನು ಹಾಗೇ ಕರೆಯುತ್ತಿದ್ದರು. ವಿಜಯಪುರದ ಹೆಂಗಸಿಗೆ ಅದು ಎಲ್ಲಿಂದ ಬಂತು?”

“ಕೆಳಗಿನ ಮನೆಯ ಚೇಚಿಯಿಂದ ಬಂದಿರಬಹುದು. ಬಂದಿಲ್ಲ ಅಂತ ನೀವು ಸಾಧಿಸಬಲ್ಲಿರಾ?”

“ಇಲ್ಲ.”

“ಹಾಗಾದರೆ ಅದು ಸಾಕ್ಷ್ಯ ಅಲ್ಲ, ಟೀಚರ್.”

ಅವರು ಚಾರ್ಟು ಸುತ್ತಿ ನನ್ನ ಕೈಗೆ ಕೊಟ್ಟರು. ವಾದದಲ್ಲಿ ಗೆದ್ದೆ ಎಂದುಕೊಂಡೆ. ಅವರು ಬಿಟ್ಟುಕೊಟ್ಟಿದ್ದರು, ಅಷ್ಟೇ. ಆ ವ್ಯತ್ಯಾಸ ತಿಳಿಯುವ ವಯಸ್ಸಲ್ಲ, ಅಥವಾ ವಯಸ್ಸಾಗಿತ್ತು, ಬುದ್ಧಿ ಇರಲಿಲ್ಲ.

ಪ್ರದರ್ಶನದ ದಿನ ಅಮ್ಮನಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಅಪ್ಪ ಅಜ್ಜಿಯನ್ನು ಕರೆತಂದ. ಅವಳು ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು, ಮೊದಲ ಸಾಲಿನಲ್ಲಿ ಕೂತಿದ್ದಳು. ಅವಳಿಗೆ ಗೊತ್ತಿದ್ದದ್ದು ಒಂದೇ, ಮೊಮ್ಮಗಳು ತನ್ನ ಬಗ್ಗೆ ಮಾತಾಡುತ್ತಾಳೆ. ನಾನು ಇಂಗ್ಲಿಷಿನಲ್ಲಿ ಮಾತಾಡಿದೆ. ಬಹುಮಾನ ಒಮ್ಮೆ ಪೆನ್ನಾದದ್ದು, ಒಮ್ಮೆ ಪುಸ್ತಕವಾದದ್ದು, ಫೋಟೊ ಇಲ್ಲದ್ದು, ಮೂರು ವರ್ಷ ಇಲ್ಲಿ ಕಲಿತವಳಿಗೆ ಮಲಯಾಳ ಬಾರದ್ದು, ರಿಜಿಸ್ಟರಿನಲ್ಲಿ ಹೆಸರಿಲ್ಲದ್ದು, ಒಂದರ ಮೇಲೊಂದು ಇಟ್ಟೆ. ತೀರ್ಪುಗಾರರಲ್ಲಿ ಹಿರಿಯರೊಬ್ಬರು, ಹಾಗಾದರೆ ನಿನ್ನ ತೀರ್ಮಾನವೇನು ಎಂದರು. “ಹೇಳಿಕೆ ಸುಳ್ಳು, ಸಾರ್,” ಎಂದೆ. ಅವರಿಗೆ ಇಷ್ಟವಾಯಿತು. ಅಜ್ಜಿ ಬಂದಿದ್ದಾರೆಯೇ ಎಂದು ಕೇಳಿದರು, ನಾನು ತೋರಿಸಿದೆ. ಸಭೆಯೆಲ್ಲ ನಕ್ಕಿತು, ಕೆಟ್ಟ ನಗೆಯಲ್ಲ, ಮದುವೆಮನೆಯ ನಗೆ. ಅವರು ಮಲಯಾಳದಲ್ಲಿ ತಮಾಷೆಗೆ ಕೇಳಿದರು, ಏನಮ್ಮ, ನಿಮ್ಮ ಶಾಲೆಯ ಕತೆ ಸುಳ್ಳು ಎನ್ನುತ್ತಾಳೆ, ಹುಡುಗಿ ಹೇಳಿದ್ದು ಸರಿಯೇ?

ಅಜ್ಜಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಕೈ ಮುಗಿದಳು.

“ಕುಟ್ಟಿ ಪರಞ್ಞದು ಶರಿಯಾಣ್,” ಎಂದಳು. ಮಗು ಹೇಳಿದ್ದು ಸರಿ.

ಚಪ್ಪಾಳೆ ಬಿತ್ತು. ಅಷ್ಟು ಜನರ ಕಿವಿಯ ಮುಂದೆ, ಒಂದು ಕಡೆಯೂ ಎಡವದೆ, ನನ್ನ ವಾದದ ಒಂದು ಕಂಬವನ್ನು, ಅವಳಿಗೆ ಮಲಯಾಳ ಬಾರದೆಂಬುದನ್ನು, ಅವಳು ಕಿತ್ತು ಹಾಕಿದ್ದಳು. ನಾನು ಕೇಳಿಸಿಕೊಂಡದ್ದು ನನ್ನ ಗೆಲುವನ್ನು ಮಾತ್ರ. ಈಗ ವಾದಿಸುವುದಾದರೆ, ಇಷ್ಟು ವರ್ಷ ಇಲ್ಲಿದ್ದವಳಿಗೆ ಮೂರು ಪದ ಬಾರದೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ಗ್ರೇಸಿ ಟೀಚರ್ ಮಾತ್ರ ಆ ಕ್ಷಣ ತಲೆಯೆತ್ತಿ ಅಜ್ಜಿಯನ್ನೇ ನೋಡಿದ್ದು ನನಗೆ ನೆನಪಿದೆ.

ಮನೆಗೆ ಬಂದಾಗ ಅಜ್ಜಿ ಮಾದಲಿ ಮಾಡಿದಳು. ಗೋದಿಯ ಹಿಟ್ಟು ಕಲಸಿ, ದಪ್ಪ ರೊಟ್ಟಿ ಬೇಯಿಸಿ, ಕುಟ್ಟಿ, ಬೆಲ್ಲ ಏಲಕ್ಕಿ ಕಲಸಿ, ಮೇಲೆ ತುಪ್ಪ ಹಾಕಿ. ನನಗೆ ಬಹುಮಾನ ಬಂದಿತ್ತಲ್ಲ. ಅಮ್ಮ ಸಂಜೆ ಬಂದು ಚಾರ್ಟು ಬಿಚ್ಚಿ ನೋಡಿದವಳು ನನ್ನನ್ನು ಕೋಣೆಗೆ ಕರೆದಳು.

“ಅಷ್ಟು ಜನರ ಮುಂದೆ ಸುಳ್ಳು ಅನ್ನೋ ಪದ ಬೇಕಿತ್ತೇನೇ?”

“ಮತ್ತೆ ಯಾವ ಪದ ಬೇಕಿತ್ತು? ನಿಜದ ಕೊರತೆ ಅನ್ಬೇಕಿತ್ತಾ?”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡ. ಅವರಿಗೆ ಬೇಜಾರಾಗಿರುತ್ತೆ.”

“ಬೇಜಾರಾದವರು ಮಾದಲಿ ಮಾಡ್ತಾರಾ?”

ಅಮ್ಮನನ್ನು ಸುಮ್ಮನಾಗಿಸಿದ ಸಂತೋಷದಲ್ಲಿ ನಾನು ಎರಡನೆಯ ಸಲ ಬಡಿಸಿಕೊಂಡು ತಿಂದೆ.

ಅಪ್ಪನಿಗೆ ನನ್ನ ಪ್ರಾಜೆಕ್ಟು ಬಹಳ ಹಿಡಿಸಿತ್ತು. ಅವನ ವೃತ್ತಿಯದೇ ಆಟ ಅದು. ಆಮೇಲೆ ಊಟದ ಹೊತ್ತಿಗೆ ಅಜ್ಜಿ ಏನು ಹೇಳಿದರೂ, ವಿಜಯಪುರದಲ್ಲಿ ಮಳೆಯಾಯಿತಂತೆ ಎಂದರೂ, ಕೆಳಗಿನ ಚೇಚಿಯ ಮಗಳಿಗೆ ಮದುವೆ ಗೊತ್ತಾಯಿತಂತೆ ಎಂದರೂ, ಅವನು ತುತ್ತು ಕೈಯಲ್ಲಿ ಹಿಡಿದು, “ಸೋರ್ಸ್ ಏನದ ಅವ್ವಾ?” ಎನ್ನುವನು. ನಾನು ಕಿಸಕ್ಕನೆ ನಗುವೆ. ಮೊದಮೊದಲು ಅವಳೂ ನಗುತ್ತಿದ್ದಳು, “ನನ್ನ ಬಾಯೇ ಸೋರ್ಸೋ ಮಾರಾಯಾ” ಎನ್ನುತ್ತಿದ್ದಳು. ಆಮೇಲೆ ಬರೀ ನಗುತ್ತಿದ್ದಳು. ಆಮೇಲಾಮೇಲೆ ಅವಳು ಕಣ್ಣೆದುರಿಗೆ ಇದ್ದದ್ದರ ಬಗ್ಗೆ ಮಾತ್ರ ಮಾತಾಡತೊಡಗಿದಳು. ಹಾಲು ಉಕ್ಕೇದ. ಅರಿವಿ ಒಣಗ್ಯಾವ. ಬಾಗಲಾ ಯಾರೋ ಬಡೀಲಿಕ್ಕೆ ಹತ್ಯಾರ. ಇವು ಯಾರೂ ಪ್ರಶ್ನಿಸಲಾಗದ ಮಾತುಗಳು. ಕತ್ತೆತ್ತಿ ನೋಡಿದರೆ ಸಾಕ್ಷಿ ಅಲ್ಲಿಯೇ ಇರುತ್ತಿತ್ತು. ತಿರುವನಂತಪುರವನ್ನು ಅವಳು ಮತ್ತೆ ಎತ್ತಲಿಲ್ಲ. ಟೀವಿಯಲ್ಲಿ ಆ ಊರಿನ ಹೆಸರು ಬಂದರೆ ಎದ್ದು ಅಡುಗೆಮನೆಗೆ ಹೋಗುವಳು. ನಾನು ಕಾಲೇಜು ಮುಗಿಸಿ, ಇಲ್ಲಿಯೇ ಐಟಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರುವವರೆಗೂ, ಅದಾದ ಮೇಲೂ, ಒಂದು ಸಲವೂ ಆ ಮಾತು ಇಲ್ಲ. ನಾನು ಗಮನಿಸಲಿಲ್ಲ ಎಂದು ಹೇಳಿದರೆ ಓದುವವರು ನಂಬಿಯಾರು. ಗಮನಿಸಿದ್ದೆ. ಸುಳ್ಳು ಸಿಕ್ಕಿಬಿದ್ದವರು ಹಾಗೇ ಸುಮ್ಮನಾಗುತ್ತಾರೆ ಎಂದುಕೊಂಡಿದ್ದೆ.

ಅಜ್ಜಿ ತೀರಿಕೊಂಡದ್ದು ಒಂದು ಬೆಳಿಗ್ಗೆ, ಸ್ನಾನ ಮಾಡಿ ಬಂದು ಕೂತಲ್ಲಿಯೇ. ಮೂರನೆಯ ದಿನ ಅವಳ ತಮ್ಮ ಗುಂಡಜ್ಜ ವಿಜಯಪುರದಿಂದ ಬಂದ. ಎಂಬತ್ತರ ಹತ್ತಿರದ ಮುದುಕ. ಆಲುವದಲ್ಲಿ ರೈಲಿಳಿದು, ಮೆಟ್ರೊ ಹತ್ತಿ ಆ ತುದಿಯಿಂದ ಈ ತುದಿಗೆ ಒಬ್ಬನೇ ಬಂದಿದ್ದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹಾಲಿಗೆ ಬಂದವನು, ದೀಪದ ಮುಂದೆ ಇಟ್ಟಿದ್ದ ಫೋಟೊ ಕಂಡ ಕೂಡಲೇ ಕುಸಿದು ಕೂತ.

“ಕುಮುದಾ... ಹೋದೇನs ಕುಮುದಕ್ಕಾ...”

ದುಃಖದಲ್ಲಿ ಯಾರದೋ ಹೆಸರು ಬಾಯಿಗೆ ಬಂದಿರಬೇಕು ಎಂದುಕೊಂಡೆ. ನೀರು ಕೊಟ್ಟೆ. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೇಳಿದೆ.

“ಗುಂಡಜ್ಜಾ, ಕುಮುದಾ ಅಂದ್ರೆ ಯಾರು?”

“ಯಾರು ಅಂದ್ರ? ನಿಮ್ಮಜ್ಜಿ. ತವರಮನಿ ಹೆಸರು. ಲಗ್ನದಾಗ ಬದಲ್ಸಿದ್ರು. ಮೊದಲೆಲ್ಲಾ ಹಂಗs ಅಲ್ಲೇನವಾ? ತಾಟಿನ್ಯಾಗ ಅಕ್ಕಿ ಹರವಿ, ಗಂಡನ ಉಂಗುರಲೆ ಹೊಸಾ ಹೆಸರು ಬರಸೋದು. ಭಾವನ ಹೆಸರು ನಾರಾಯಣ, ಅದಕ್ಕ ಇಕಿ ಲಕ್ಷ್ಮೀ ಆದ್ಲು. ನಾವು ತವರಿನವ್ರು ಒಳಗೊಳಗ ಕುಮುದಾ ಅಂತಿದ್ವಿ, ಅತ್ತಿಮನಿಯವ್ರ ಮುಂದ ಅನ್ನೂಹಂಗ ಇರಲಿಲ್ಲ.”

“ತಿರುವನಂತಪುರಕ್ಕೆ ಹೋದದ್ದು...”

“ಆಗ ಕುಮುದಾನs. ತ್ರಿವೇಂದ್ರಮ್‌ದಿಂದ ಬಂದ ಮ್ಯಾಲನ ಲಗ್ನ ಆಗಿದ್ದು.”

ನನ್ನ ಕಿವಿಯಲ್ಲಿ ಗ್ರೇಸಿ ಟೀಚರ್ ದನಿ ಕೇಳಿತು, ನಾಲ್ಕು ಹೆಸರು, ನಾಲ್ಕು ಜನ ಅಲ್ಲ. ಅಪ್ಪ ಗೋಡೆಗೆ ಒರಗಿ ನಿಂತಿದ್ದ. ಅವನ ಕಡೆ ತಿರುಗಿದೆ.

“ಅಪ್ಪಾ, ನಿನಗೆ ಗೊತ್ತಿತ್ತಾ?”

“ಸಣ್ಣವ ಇದ್ದಾಗ ಕೇಳಿದ್ದೆ. ಮನ್ಯಾಗ ಯಾರೂ ಕರೀತಿದ್ದಿಲ್ಲ. ಮರತಿದ್ದೆ.” ಮತ್ತೆ ಸೇರಿಸಿದ: “ನೀ ಯಾವ ಹೆಸರು ಹುಡಿಕಿದಿ ಅಂತ ನಾ ಕೇಳೇ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಆಗ ಹೇಳಿದಳು. ಅವಳ ಮದುವೆಯಲ್ಲಿ ಅಪ್ಪನ ಕಡೆಯ ಹಿರಿಯರು ಅವಳ ಹೆಸರನ್ನೂ ಬದಲಾಯಿಸಬೇಕೆಂದು ಹಟ ಹಿಡಿದಿದ್ದರಂತೆ. ಮೈಸೂರಿನವರಿಗೆ ಆ ಪದ್ಧತಿಯಿಲ್ಲ, ಅಮ್ಮ ಒಲ್ಲೆ ಎಂದಿದ್ದಳಂತೆ. ಮಾತಿಗೆ ಮಾತು ಬೆಳೆದು ಮುಹೂರ್ತ ಮೀರುವ ಹಾಗಾದಾಗ ಅಜ್ಜಿ ಎದ್ದು ಬಂದು, ಅಕ್ಕಿಯ ತಾಟನ್ನು ಎತ್ತಿಕೊಂಡು ಒಳಗೆ ಹೋದಳಂತೆ.

“‘ಅಕೀ ಹೆಸರು ಅಕೀದs ಇರ್ಲಿ’ ಅಂದ್ರು. ಅಷ್ಟೇ. ಯಾಕೆ ಅಂತ ನಾನು ಯಾವತ್ತೂ ಕೇಳ್ಲಿಲ್ಲ,” ಎಂದಳು ಅಮ್ಮ. ಅಳುತ್ತಿದ್ದಳು.

ಹದಿಮೂರನೆಯ ದಿನದ ಕಾರ್ಯ ಮುಗಿದ ವಾರ ನಾನು ಒಬ್ಬಳೇ ತಿರುವನಂತಪುರಕ್ಕೆ ಹೋದೆ. ತಂತಿ ಅಜ್ಜನ ಹೆಸರನ್ನು ಗುಂಡಜ್ಜನಿಂದ ಬರೆಸಿಕೊಂಡಿದ್ದೆ, ಶ್ರೀನಿವಾಸಾಚಾರ್ಯ. ಕಚೇರಿಯಲ್ಲಿ ಈಗ ನನ್ನ ವಯಸ್ಸಿನ ಹೆಂಗಸೊಬ್ಬಳಿದ್ದಳು; ಅದೇ ಕೆಂಪು ಬಟ್ಟೆಯ ರಿಜಿಸ್ಟರು ತಂದುಕೊಟ್ಟಳು. ಹತ್ತು ನಿಮಿಷ ಸಾಕಾಯಿತು. ಕುಮುದಾ. ತಂದೆ ಶ್ರೀನಿವಾಸಾಚಾರ್ಯ, ತಂತಿ ಇಲಾಖೆ. ಮಾತೃಭಾಷೆಯ ಅಂಕಣದಲ್ಲಿ, ಮೇಲಿನಿಂದ ಕೆಳಗಿನವರೆಗೆ ಮಲಯಾಳ, ತಮಿಳು, ಮಲಯಾಳ ಎಂದಿರುವ ಪುಟದಲ್ಲಿ, ಒಂದೇ ಒಂದು ಕಡೆ ಕೆನರೀಸ್, ಅಂದರೆ ಕನ್ನಡ, ಎಂದಿತ್ತು. ಹದಿನಾಲ್ಕರಲ್ಲಿ ಇದೇ ಪುಟದ ಮೇಲೆ ನನ್ನ ಬೆರಳು ಹಾದುಹೋಗಿದೆ. ಪಕ್ಕದ ಅಂಕಣಕ್ಕೆ ಕಣ್ಣು ಸರಿಸಿದ್ದರೆ ಸಾಕಿತ್ತು. ಶಾಲೆ ಬಿಟ್ಟ ಕಾರಣ: ತಂದೆಯ ವರ್ಗಾವಣೆ. ನಾನು ಅಲ್ಲಿಂದಲೇ ಗುಂಡಜ್ಜನಿಗೆ ಫೋನ್ ಮಾಡಿ ಓದಿ ಹೇಳಿದೆ.

“ವರ್ಗಾನ? ಅಪ್ಪಗ ವರ್ಗ ಆಗಿದ್ದು ಮರುವರ್ಷ. ಅಕ್ಕಗ ವರ ಗಟ್ಟಿ ಆತು ಅಂತ ಅವ್ವ ನಮ್ಮನ್ನೆಲ್ಲಾ ಕರಕೊಂಡು ಮೊದಲ ಬಂದ್ಲು. ಸಾಲ್ಯಾಗ ಹಂಗ ಹೇಳ್ಲಿಕ್ಕೆ ನಾಚಿಕಿ ಅನಿಸಿರ್ಬೇಕು.”

ಇಡೀ ಪ್ರಕರಣದಲ್ಲಿ ಸುಳ್ಳು ಹೇಳಿದ್ದು ಆ ರಿಜಿಸ್ಟರು, ಮತ್ತು ನಾನು. ಅಜ್ಜಿಯಲ್ಲ. ಅವಳು ತಾರಸಿಯ ಮೇಲೆ, ಸಭೆಯಲ್ಲಿ, ಆಮೇಲಿನ ಅಷ್ಟೂ ವರ್ಷ, ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು, ಯಾಕೆ ಹೇಳಲಿಲ್ಲ? ಮೊಮ್ಮಗಳ ಬಹುಮಾನ ತಪ್ಪದಿರಲಿ ಎಂದೋ, ಅತ್ತೆಮನೆಯಲ್ಲಿ ಆ ಹೆಸರು ಎತ್ತಬಾರದೆಂಬುದು ಮೈಗೆ ಹತ್ತಿಹೋಗಿತ್ತೋ, ಅಥವಾ ತನ್ನ ಮನೆಯಲ್ಲೇ ತಾನು ಹೇಳಿದ್ದನ್ನು ಸಾಧಿಸಿ ತೋರಿಸಬೇಕು ಎಂದು ತಿಳಿದ ಮೇಲೆ ಹೇಳುವುದೇ ಸಾಕೆನಿಸಿತ್ತೋ. ಮೂರಕ್ಕೂ ವಾದ ಕಟ್ಟಬಲ್ಲೆ. ಮೂರಕ್ಕೂ ಆಕರವಿಲ್ಲ.

ಮನೆಗೆ ಬಂದು ಆ ಪುಟದ ಪ್ರತಿಯನ್ನು ಅಪ್ಪನಿಗೆ ಕೊಟ್ಟೆ. ಸಂಜೆಯ ದೀಪ ಹಚ್ಚಿಯಾಗಿತ್ತು. ಅವನು ಮೇಜಿನ ಮುಂದೆ ಕೂತು, ಕನ್ನಡಕ ಏರಿಸಿ, ಕಚೇರಿಯ ಕಾಗದ ಓದುವ ಹಾಗೆ ಪ್ರತಿ ಅಂಕಣದ ಮೇಲೂ ಬೆರಳಿಟ್ಟು ಓದಿದ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ. ತನ್ನ ತಾಯಿಯನ್ನು ಆ ಒಂದು ತಮಾಷೆಯ ಪ್ರಶ್ನೆ ಬಿಟ್ಟು ಬೇರೇನನ್ನೂ ಕೇಳದ ಮಗ ಅವನು. ಈಗ ಕೇಳತೊಡಗಿದ, ನನ್ನನ್ನು.

“ಮನಿ ಎಲ್ಲಿತ್ತಂತ?”

“ಬರೆದಿಲ್ಲ, ಅಪ್ಪಾ.”

“ಸಾಲಿಗೆ ನಡಕೋತ ಹೋಗ್ತಿದ್ಲೋ, ಬಸ್ಸಿನ್ಯಾಗೋ?”

“ಗೊತ್ತಿಲ್ಲ.”

“ಗೆಳತ್ಯಾರು ಇದ್ರೇನು?”

“ಇದ್ದಿರಬೇಕು. ಗೊತ್ತಿಲ್ಲ.”

“ಬಿಟ್ಟು ಬರೂ ದಿನಾ ಅತ್ಲೇನು? ಲಗ್ನಕ್ಕಂತ ಮೊದಲ ಹೇಳಿದ್ರೋ, ಊರಿಗೆ ಬಂದ ಮ್ಯಾಲ ಹೇಳಿದ್ರೋ?”

ಗೊತ್ತಿಲ್ಲವೆಂದು ತಲೆಯಾಡಿಸಿದೆ. ಅವನು ಉತ್ತರಕ್ಕೆ ಕಾಯುತ್ತಲೂ ಇರಲಿಲ್ಲ, ಒಂದರ ಹಿಂದೊಂದು ಕೇಳುತ್ತಲೇ ಹೋದ. ಯಾವ ಸೀರೆ, ಯಾವ ಹಾದಿ, ಸಮುದ್ರ ಮೊದಲು ಕಂಡಾಗ ಏನೆಂದಳು. ಟೀಚರ್ ಕಲಿಸಿದಂಥ ಪ್ರಶ್ನೆಗಳು, ಹೌದು-ಇಲ್ಲಕ್ಕೆ ನಿಲ್ಲದವು, ಕೇಳಿದವರು ಸುಮ್ಮನೆ ಕೂತು ಕಾಯಬೇಕಾದವು. ಅಮ್ಮ ಬಂದು ಎರಡು ಸಲ ಊಟಕ್ಕೆ ಕರೆದು ಹೋದಳು. ಕೊನೆಗೆ ಅವನು ಕಾಗದವನ್ನು ಮಡಿಸಲು ಹೋಗಿ, ಮಡಿಸದೆ, ಆ ಹೆಸರಿನ ಮೇಲೆ ಅಂಗೈ ಇಟ್ಟುಕೊಂಡ.

“ನಾವ್ಯಾರಾದ್ರೂ ಒಮ್ಮೆರ ಕುಮುದಾ ಅಂತ ಕರದಿದ್ರ, ಓ ಅಂತಿದ್ಲೇನು?”

“ಗೊತ್ತಿಲ್ಲ, ಅಪ್ಪಾ,” ಎಂದೆ.